ಹ್ಯಾಕಿಂಟೋಷ್

ಆ್ಯಪಲ್ ಕಂಪನಿ ತಯಾರಿಸದ ಕಂಪ್ಯೂಟರಿನ ಮೇಲೆ ಆ್ಯಪಲ್‌ನ ಮ್ಯಾಕ್‌ಓಎಸ್ ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸಿದರೆ ಆ ಕಂಪ್ಯೂಟರಿಗೆ ಹ್ಯಾಕಿಂಟೋಷ್ ಎಂದು ಹೆಸರು. ಹೆಚ್ಚಾಗಿ ಇದು ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್‌ಗಳನ್ನು ಬಿಡಿಬಿಡಿಯಾಗಿ ಕೊಂಡು ಜೋಡಿಸಿದ ಡೆಸ್ಕ್‌ಟಾಪ್ ಯಂತ್ರ. ಆ್ಯಪಲ್ ತನ್ನ ಮ್ಯಾಕ್‌ಗಳಿಗೆ ಇಂಟೆಲ್ ಪ್ರೊಸೆಸರ್ ಹಾಕಲು ತೊಡಗಿದ 2006ರಲ್ಲಿ ಈ ಹವ್ಯಾಸ ಬೇರುಬಿಟ್ಟಿತು. ಅದೇ ಆ್ಯಪಲ್ ಇಂಟೆಲ್ ಅನ್ನು ಕೈಬಿಡುವುದಾಗಿ 2020ರಲ್ಲಿ ಸಾರಿದಾಗ ಇದಕ್ಕೂ ಕೊನೆಗಾಲ ಬಂತೆಂದು ಎಲ್ಲರಿಗೂ ತಿಳಿಯಿತು.

ಹ್ಯಾಕಿಂಟೋಷ್‌ನ ಚರಿತ್ರೆಯನ್ನು ಬೀಗ ಒಡೆದವರ ಸಾಹಸವೆಂದು ಬಣ್ಣಿಸುವುದುಂಟು. ಬೀಗವೊಂದು ಇದ್ದದ್ದು ನಿಜ. ಆದರೆ ಅದು ಶುರುವಿನಲ್ಲೇ ಒಡೆಯಿತು. ಆಮೇಲಿನ ವರ್ಷಗಳ ಕೆಲಸವೆಲ್ಲ ಬೇರೆ ಬಗೆಯದು. ಆ್ಯಪಲ್ ತನ್ನ ಯಂತ್ರಗಳಲ್ಲಿ ಯಾವ ಚಿಪ್ಪುಗಳನ್ನು ಬಳಸಿದೆ ಎಂದು ನೋಡಿ, ಅವನ್ನೇ ಅಥವಾ ಅವುಗಳ ಹತ್ತಿರದ ಬಂಧುಗಳನ್ನು ಪೇಟೆಯಲ್ಲಿ ಹುಡುಕಿ ತಂದು ಜೋಡಿಸುವುದು. ಉಳಿದ ಸಣ್ಣಪುಟ್ಟ ವ್ಯತ್ಯಾಸಗಳನ್ನು ತಂತ್ರಾಂಶದಿಂದ ಮುಚ್ಚುವುದು. ಭಾಗಗಳನ್ನು ಸರಿಯಾಗಿ ಆರಿಸಿದವರ ಯಂತ್ರ ವರ್ಷಗಟ್ಟಲೆ ತೊಂದರೆ ಕೊಡದೆ ನಡೆಯುತ್ತಿತ್ತು. ತಪ್ಪಾಗಿ ಆರಿಸಿದವರು ಎಷ್ಟೇ ಜಾಣರಾದರೂ ಅರ್ಧ ದಾರಿಯಲ್ಲಿ ನಿಲ್ಲುತ್ತಿದ್ದರು.

ಹಿನ್ನೆಲೆ

ಮ್ಯಾಕಿಂಟೋಷ್ ಯಂತ್ರಗಳು ಮೊದಲ ಹತ್ತು ವರ್ಷ ಮೋಟೊರೋಲಾದ 68000 ವರ್ಗದ ಪ್ರೊಸೆಸರ್‌ಗಳನ್ನೂ 1994ರಿಂದ ಪವರ್‌ಪಿಸಿ ಪ್ರೊಸೆಸರ್‌ಗಳನ್ನೂ ಬಳಸಿದವು. ಐಬಿಎಂ ಪಿಸಿಯ ವಂಶಕ್ಕೆ ಸೇರಿದ ಯಂತ್ರಗಳ ಜತೆ ಅವಕ್ಕೆ ಯಾವ ನೆಂಟಸ್ತಿಕೆಯೂ ಇರಲಿಲ್ಲ. 1995ರಿಂದ ಆ್ಯಪಲ್ ತಾನಾಗಿಯೇ ಪವರ್ ಕಂಪ್ಯೂಟಿಂಗ್, ಯುಮ್ಯಾಕ್ಸ್, ಮೋಟೊರೋಲಾ ಮುಂತಾದ ಕಂಪನಿಗಳಿಗೆ ಮ್ಯಾಕ್ ತದ್ರೂಪಿಗಳನ್ನು ತಯಾರಿಸಲು ಪರವಾನಗಿ ಕೊಟ್ಟಿತು. ಅವು ಅಗ್ಗವಾಗಿದ್ದವು, ಕೆಲವು ಆ್ಯಪಲ್‌ನದಕ್ಕಿಂತ ವೇಗವಾಗಿಯೂ ಇದ್ದವು. ಹೊಸ ಗಿರಾಕಿಗಳು ಬರುವ ಬದಲು ಆ್ಯಪಲ್‌ನ ಗಿರಾಕಿಗಳೇ ಅತ್ತ ಹೋದರು. 1997ರಲ್ಲಿ ಕಂಪನಿಗೆ ಮರಳಿದ ಸ್ಟೀವ್ ಜಾಬ್ಸ್ ಈ ಪರವಾನಗಿಗಳನ್ನು ನಿಲ್ಲಿಸಿದರು. ಪವರ್ ಕಂಪ್ಯೂಟಿಂಗ್‌ನ ಮ್ಯಾಕ್ ವ್ಯವಹಾರವನ್ನು ಆ್ಯಪಲ್ ಸುಮಾರು 10 ಕೋಟಿ ಡಾಲರ್ ಮೌಲ್ಯದ ಶೇರು ಕೊಟ್ಟು ಕೊಂಡುಕೊಂಡಿತು. ತನ್ನ ತಂತ್ರಾಂಶ ತನ್ನ ಯಂತ್ರದಲ್ಲಿ ಮಾತ್ರ ಎಂಬ ಹಟವನ್ನು ಆ ಎರಡು ವರ್ಷದ ಕಹಿ ಗಟ್ಟಿಗೊಳಿಸಿತು.

2005ರ ಜೂನ್ 6ರಂದು ಜಾಬ್ಸ್ ಇಂಟೆಲ್‌ಗೆ ಬದಲಾಗುವ ನಿರ್ಧಾರವನ್ನು ಪ್ರಕಟಿಸಿದರು. ತಂತ್ರಾಂಶ ಬರೆಯುವವರ ಅನುಕೂಲಕ್ಕಾಗಿ 3.6 ಗಿಗಾಹರ್ಟ್ಸ್‌ನ ಪೆಂಟಿಯಂ 4 ಇದ್ದ ಯಂತ್ರವೊಂದನ್ನು 999 ಡಾಲರಿಗೆ ಬಾಡಿಗೆ ಕೊಡಲಾಯಿತು. ಹೊರಗೆ ಪವರ್ ಮ್ಯಾಕ್ ಜಿ5ರ ಅಲ್ಯೂಮಿನಿಯಂ ಕ್ಯಾಬಿನೆಟ್. ಒಳಗೆ ಇದ್ದದ್ದು ಹೆಚ್ಚುಕಡಿಮೆ ಯಾವ ಅಂಗಡಿಯಲ್ಲಾದರೂ ಸಿಗುವ ಪಿಸಿ. ಯಂತ್ರವನ್ನು ಹಿಂದಿರುಗಿಸಬೇಕೆಂಬ ಕರಾರಿತ್ತು. ತಂತ್ರಾಂಶಕ್ಕೆ ಅಂಥ ಕರಾರನ್ನು ಯಾರು ಪಾಲಿಸುತ್ತಾರೆ? ಮ್ಯಾಕ್ ಓಎಸ್ ಎಕ್ಸ್ (ಮ್ಯಾಕ್‌ಓಎಸ್‌ನ ಆಗಿನ ಹೆಸರು) ಟೈಗರ್‌ನ ಇಂಟೆಲ್ ಆವೃತ್ತಿ ಬೇಗನೆ ಅಂತರಜಾಲಕ್ಕೆ ಸೋರಿತು. 2006ರ ಜನವರಿಯಲ್ಲಿ ಮೊದಲ ಇಂಟೆಲ್ ಐಮ್ಯಾಕ್ ಮತ್ತು ಮ್ಯಾಕ್‌ಬುಕ್ ಪ್ರೊ ಬಂದವು. ಫೆಬ್ರವರಿಯ ಹೊತ್ತಿಗೆ ಮ್ಯಾಕ್ಸಸ್ ಎಂಬ ಗುಪ್ತನಾಮದ ವ್ಯಕ್ತಿ ಮಾರಾಟದಲ್ಲಿದ್ದ ಆವೃತ್ತಿಗೇ ತೇಪೆ ಹಾಕಿ ಸಾಮಾನ್ಯ ಪಿಸಿಯಲ್ಲಿ ನಡೆಯುವಂತೆ ಮಾಡಿದ್ದ.

ಇದರ ತದ್ವಿರುದ್ಧ ಕೆಲಸವನ್ನು, ಅಂದರೆ ಮ್ಯಾಕ್ ಯಂತ್ರದಲ್ಲಿ ವಿಂಡೋಸ್ ನಡೆಸುವುದನ್ನು, ಆ್ಯಪಲ್ ತಾನೇ ಸುಲಭಗೊಳಿಸಿತು. ಅದಕ್ಕಾಗಿ ಬೂಟ್ ಕ್ಯಾಂಪ್ ಎಂಬ ತಂತ್ರಾಂಶವನ್ನು 2006ರ ಏಪ್ರಿಲ್‌ನಲ್ಲಿ ಪುಕ್ಕಟೆಯಾಗಿ ಬಿಟ್ಟಿತು. ಮಾರುವುದು ಯಂತ್ರವನ್ನಾದ್ದರಿಂದ ಆ್ಯಪಲ್‌ಗೆ ಅದರಲ್ಲಿ ನಷ್ಟವೇನೂ ಇರಲಿಲ್ಲ.

ಬೀಗ ಮತ್ತು ಕೀಲಿಕೈ

ಬಾಡಿಗೆಗೆ ಕೊಟ್ಟ ಪ್ರಾಯೋಗಿಕ ಯಂತ್ರಗಳಲ್ಲಿ ಟಿಪಿಎಂ ಎಂಬ ಭದ್ರತಾ ಚಿಪ್ಪು ಇದ್ದುದರಿಂದ, ಮ್ಯಾಕ್ ಅಲ್ಲದ ಯಂತ್ರವನ್ನು ಆ್ಯಪಲ್ ಅದರ ಮೂಲಕವೇ ತಡೆಯುತ್ತದೆ ಎಂದು ಪತ್ರಿಕೆಗಳು ಬರೆದವು. ಮಾರಾಟಕ್ಕೆ ಬಂದ ಯಂತ್ರಗಳಲ್ಲಿ ನಡೆದದ್ದು ಅದಲ್ಲ. ‘ಮ್ಯಾಕ್ ಓಎಸ್ ಎಕ್ಸ್ ಇಂಟರ್ನಲ್ಸ್’ ಎಂಬ ಗ್ರಂಥದ ಲೇಖಕ ಅಮಿತ್ ಸಿಂಗ್ ಇದನ್ನು ಆ ದಿನಗಳಲ್ಲೇ ಬಿಡಿಸಿ ತೋರಿಸಿದ್ದರು. ಫ್ಯಾನು, ಉಷ್ಣತೆ, ವಿದ್ಯುತ್ತು ನೋಡಿಕೊಳ್ಳುವ ಎಸ್‌ಎಂಸಿ ಎಂಬ ಪುಟ್ಟ ನಿಯಂತ್ರಕ ಪ್ರತಿ ಇಂಟೆಲ್ ಮ್ಯಾಕ್‌ನಲ್ಲೂ ಇರುತ್ತದೆ. ಫೈಂಡರ್, ಡಾಕ್ ಮುಂತಾದ ಮುಖ್ಯ ಕಾರ್ಯಕ್ರಮಗಳನ್ನು ಆ್ಯಪಲ್ ಗೂಢಲಿಪಿಯಲ್ಲಿಟ್ಟು, ಅದನ್ನು ಬಿಡಿಸುವ ಕೀಲಿಯನ್ನು ಎಸ್‌ಎಂಸಿಯಲ್ಲಿ ಇರಿಸಿತ್ತು. ಕೀಲಿ ಎಂದರೆ 64 ಅಕ್ಷರಗಳ ಒಂದು ವಾಕ್ಯ. ನಮ್ಮ ಶ್ರಮವನ್ನು ಕದಿಯಬೇಡಿ ಎಂದು ಅದೇ ಬೇಡಿಕೊಳ್ಳುತ್ತದೆ. ಕೀಲಿಯನ್ನು ಓದಿ ಬೀಗ ತೆಗೆಯುವ ಘಟಕದ ಹೆಸರು ಕೂಡ ‘ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್’. ಇಷ್ಟು ಸಾಲದೆಂಬಂತೆ, ಆಗಿನ ಆವೃತ್ತಿಯೊಳಗೆ ಹ್ಯಾಕರ್‌ಗಳನ್ನು ಉದ್ದೇಶಿಸಿದ ಪುಟ್ಟ ಪದ್ಯವೊಂದೂ ಅಡಗಿತ್ತು.

ತಾಂತ್ರಿಕವಾಗಿ ಇದು ದುರ್ಬಲ ರಕ್ಷಣೆ. ಎಲ್ಲ ಮ್ಯಾಕ್‌ಗಳಿಗೂ ಕೀಲಿ ಒಂದೇ. ಎಸ್‌ಎಂಸಿಯಂತೆ ನಟಿಸಿ, ಕೇಳಿದಾಗ ಆ 64 ಅಕ್ಷರಗಳನ್ನು ಒಪ್ಪಿಸುವ ಸಣ್ಣ ತಂತ್ರಾಂಶವಿದ್ದರೆ ಕೆಲಸ ಮುಗಿಯಿತು. ಮೊದಲು ಫೇಕ್‌ಎಸ್‌ಎಂಸಿ, ಬಹಳ ಕಾಲದ ನಂತರ ವರ್ಚುವಲ್‌ಎಸ್‌ಎಂಸಿ ಈ ಪಾತ್ರ ವಹಿಸಿದವು. ಆ್ಯಪಲ್ ಇದಕ್ಕಿಂತ ಗಟ್ಟಿ ಬೀಗ ಹಾಕಬಹುದಿತ್ತು, ಆದರೂ ಹಾಕಲಿಲ್ಲ. ಗಟ್ಟಿ ಬೀಗ ಹಣ ಕೊಟ್ಟು ಕೊಂಡ ನಿಜ ಗಿರಾಕಿಯನ್ನೂ ಆಗಾಗ ಹೊರಗೆ ನಿಲ್ಲಿಸುತ್ತದೆ ಎಂಬ ಎಚ್ಚರ ಕಂಪನಿಗೆ ಇದ್ದಿರಬೇಕು.

ಬೂಟ್‌ಲೋಡರ್‌ಗಳು

ಬೀಗಕ್ಕಿಂತ ದೊಡ್ಡ ಅಡ್ಡಿ ಫರ್ಮ್‌ವೇರ್‌ನದು. ಇಂಟೆಲ್ ಮ್ಯಾಕ್‌ಗಳು ಮೊದಲಿನಿಂದಲೂ ಇಎಫ್‌ಐ ಎಂಬ ಹೊಸ ಫರ್ಮ್‌ವೇರ್ ಬಳಸಿದವು. ಆಗಿನ ಪಿಸಿಗಳಲ್ಲಿ ಇದ್ದದ್ದು ಹಳೆಯ ಬಯಾಸ್. ಹೀಗಾಗಿ ಆರಂಭದ ವರ್ಷಗಳಲ್ಲಿ ಮ್ಯಾಕ್‌ಓಎಸ್‌ನ ಕಡತಗಳನ್ನೇ ತಿದ್ದಿ, ಕರ್ನಲ್ ಬದಲಿಸಿ, ಎಲ್ಲವನ್ನೂ ಒಂದು ಡಿವಿಡಿಯಾಗಿ ಹಂಚುವ ಪದ್ಧತಿ ಇತ್ತು. ಕರ್ನಲ್‌ನ ಮೂಲಸಂಕೇತವನ್ನು ಆ್ಯಪಲ್ ಡಾರ್ವಿನ್ ಯೋಜನೆಯಡಿ ಬಹಿರಂಗವಾಗಿ ಕೊಡುತ್ತಿದ್ದುದರಿಂದ ಹಳೆಯ ಇಂಟೆಲ್‌ಗೂ ಎಎಂಡಿಗೂ ಹೊಂದುವ ಕರ್ನಲ್ ತಯಾರಿಸುವುದು ಸಾಧ್ಯವಾಗಿತ್ತು. ಆದರೆ ಇಂಥ ಡಿವಿಡಿಗಳು ಕಳ್ಳಪ್ರತಿಗಳೇ. ಒಳಗೆ ಯಾರು ಏನು ಸೇರಿಸಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಆ್ಯಪಲ್‌ನ ಪರಿಷ್ಕರಣೆ ಹಾಕಿದೊಡನೆ ತಿದ್ದಿದ ಕಡತಗಳು ಅಳಿದು ಯಂತ್ರ ಕೂರುತ್ತಿತ್ತು.

ದಾರಿ ಬದಲಾದದ್ದು 2007-08ರಲ್ಲಿ. ಡೇವಿಡ್ ಎಲಿಯಟ್ ಅವರ ಬೂಟ್-132 ವಿಧಾನ ಮತ್ತು ನೆಟ್ಕಾಸ್ ಎಂಬ ಗುಪ್ತನಾಮದವರ ಪಿಸಿ ಇಎಫ್‌ಐ, ಬಯಾಸ್ ಇರುವ ಯಂತ್ರದಲ್ಲೂ ಮ್ಯಾಕ್‌ಓಎಸ್‌ಗೆ ಇಎಫ್‌ಐ ಇದೆ ಎಂಬ ಭ್ರಮೆ ಹುಟ್ಟಿಸಿದವು. ವ್ಯವಸ್ಥೆಯ ಕಡತಗಳನ್ನು ಮುಟ್ಟಬೇಕಾದ ಅಗತ್ಯ ತಪ್ಪಿತು. ಅಂಗಡಿಯಲ್ಲಿ ಕೊಂಡ ಡಿವಿಡಿಯಿಂದಲೇ ಸ್ಥಾಪಿಸುವ ಈ ಕ್ರಮವನ್ನು ಬಳಕೆದಾರರು ‘ವೆನಿಲಾ’ ಎಂದು ಕರೆದರು. ಇದೇ ತತ್ವದ ಮೇಲೆ ಕಮೀಲಿಯನ್, 2011ರ ಸುಮಾರಿಗೆ ಕ್ಲೋವರ್, 2019ರಲ್ಲಿ ಓಪನ್‌ಕೋರ್ ಎಂಬ ಬೂಟ್‌ಲೋಡರ್‌ಗಳು ಬಂದವು.

ಇವುಗಳಲ್ಲಿ ಅಸಿಡಾಂಥೆರಾ ತಂಡದ ಓಪನ್‌ಕೋರ್ ಅತ್ಯಂತ ಶಿಸ್ತಿನದು. ಕ್ಲೋವರ್ ಹಲವು ಸಂಗತಿಗಳನ್ನು ತಾನೇ ಊಹಿಸಿ ಸರಿಪಡಿಸುತ್ತಿತ್ತು. ಓಪನ್‌ಕೋರ್ ಏನನ್ನೂ ಊಹಿಸುವುದಿಲ್ಲ. ಕಟ್ಟುವವನು ಕಾನ್‌ಫಿಗ್ ಕಡತದಲ್ಲಿ ಒಂದೊಂದನ್ನೂ ಬರೆದು ಕೊಡಬೇಕು. ಸಾಲೊಂದು ತಪ್ಪಿದರೂ ಯಂತ್ರ ಏಳದೆ ಹೋಗಬಹುದು. ಈ ಬಿಗಿಯಿಂದಾಗಿಯೇ ಅದರಲ್ಲಿ ಕಟ್ಟಿದ ಯಂತ್ರಗಳು ಆ್ಯಪಲ್‌ನ ಪರಿಷ್ಕರಣೆಗಳನ್ನು ನಿಜ ಮ್ಯಾಕ್‌ನಂತೆಯೇ ತೆಗೆದುಕೊಂಡವು. ಬೇಕಾದ ತಿದ್ದುಪಡಿಗಳೆಲ್ಲ ಯಂತ್ರ ಏಳುವಾಗ ಮೆಮೊರಿಯಲ್ಲಿ ನಡೆಯುತ್ತವೆ. ಡಿಸ್ಕಿನಲ್ಲಿರುವ ಮ್ಯಾಕ್‌ಓಎಸ್ ಇದ್ದಂತೆಯೇ ಇರುತ್ತದೆ. ಬಿಗ್ ಸರ್ ಆವೃತ್ತಿಯಿಂದ (2020) ಆ್ಯಪಲ್ ವ್ಯವಸ್ಥೆಯ ಭಾಗಕ್ಕೆ ಗೂಢಲಿಪಿಯ ಮುದ್ರೆ ಒತ್ತಿದ ಮೇಲೆ ಈ ಕ್ರಮವೇ ಸುರಕ್ಷಿತ ದಾರಿಯಾಗಿ ಉಳಿಯಿತು.

ಭಾಗಗಳ ಆಯ್ಕೆ

ವಿಂಡೋಸ್ ಪಿಸಿ ಜೋಡಿಸುವವರು ಬೆಲೆ ಮತ್ತು ವೇಗ ನೋಡುತ್ತಾರೆ. ಹ್ಯಾಕಿಂಟೋಷ್ ಕಟ್ಟುವವರು ಮೊದಲು ನೋಡಬೇಕಾದದ್ದು ಮ್ಯಾಕ್‌ಓಎಸ್‌ನಲ್ಲಿ ಆ ಭಾಗಕ್ಕೆ ಡ್ರೈವರ್ ಇದೆಯೇ ಎಂಬುದನ್ನು. ವಿಂಡೋಸ್‌ಗೆ ಡ್ರೈವರ್ ಬರೆದುಕೊಡುವುದು ಭಾಗ ತಯಾರಿಸಿದ ಕಂಪನಿಯ ಹೊಣೆ. ಮ್ಯಾಕ್‌ಓಎಸ್‌ನಲ್ಲಿ ಆ್ಯಪಲ್ ತನ್ನ ಯಂತ್ರಗಳಿಗೆ ಬೇಕಾದಷ್ಟನ್ನು ಮಾತ್ರ ಇಟ್ಟಿರುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ‘ಎಲ್ಲದಕ್ಕೂ ಆಗುತ್ತೆ ಸರ್’ ಎಂದು ಕೊಡುವ ಭಾಗ ವಿಂಡೋಸ್‌ಗೆ ಆಗುತ್ತದೆ, ಲಿನಕ್ಸ್‌ಗೂ ಬಹುಪಾಲು ಆಗುತ್ತದೆ. ಮ್ಯಾಕ್‌ಓಎಸ್‌ಗೆ ಆಗುವುದು ಆ್ಯಪಲ್‌ನ ಡ್ರೈವರ್‌ಗಳ ಪಟ್ಟಿಯಲ್ಲಿ ಇದ್ದರೆ ಮಾತ್ರ.

ಪ್ರೊಸೆಸರ್‌ನಲ್ಲಿ ತೊಡಕು ಕಡಿಮೆ. ಕೋರ್ ಐ ಸರಣಿಯ ಮೊದಲ ತಲೆಮಾರಿನಿಂದ ಹತ್ತನೆಯದರವರೆಗಿನ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಒಂದಲ್ಲ ಒಂದು ಮ್ಯಾಕ್ ಮಾದರಿಯ ಆಸರೆ ಇದೆ. 2019ರ 27 ಅಂಗುಲದ ಐಮ್ಯಾಕ್‌ನ ಒಳಗಿದ್ದ ಕೋರ್ ಐ9-9900ಕೆ ಅಂಗಡಿಯಲ್ಲೂ ಸಿಗುತ್ತಿತ್ತು. ಅದನ್ನು ಝಡ್390 ಬೋರ್ಡಿಗೆ ಕೂರಿಸಿದರೆ ಮ್ಯಾಕ್‌ಓಎಸ್‌ಗೆ ಆ ಐಮ್ಯಾಕ್‌ಗೂ ಇದಕ್ಕೂ ವ್ಯತ್ಯಾಸ ಕಾಣುತ್ತಿದ್ದದ್ದು ಅಲ್ಪ. ಹನ್ನೆರಡನೇ ತಲೆಮಾರಿನ ಪ್ರೊಸೆಸರ್‌ಗಳನ್ನು ಆ್ಯಪಲ್ ಎಂದೂ ಬಳಸಲಿಲ್ಲ. ಅವನ್ನು ಹತ್ತನೆಯದೆಂದು ಸುಳ್ಳು ಹೇಳಿಸಿ ನಡೆಸಬೇಕು. ಎಎಂಡಿಯ ರೈಜನ್ ಕೂಡ ಕರ್ನಲ್‌ಗೆ ಹಲವು ತೇಪೆ ಹಾಕಿದರೆ ಚುರುಕಾಗಿ ನಡೆಯುತ್ತದೆ. ಆದರೆ ಆ್ಯಪಲ್‌ನ ಹೈಪರ್‌ವೈಸರ್ ಇಂಟೆಲ್‌ನ ವಿಟಿ-ಎಕ್ಸ್ ಅನ್ನೇ ನಂಬಿರುವುದರಿಂದ ಡಾಕರ್‌ನಂಥ ಸಾಧನಗಳು ಅಲ್ಲಿ ಕೈಕೊಡುತ್ತವೆ. ತಂತ್ರಾಂಶ ಬರೆಯುವವರಿಗೆ ಇದು ಸಣ್ಣ ಕೊರತೆಯಲ್ಲ.

ಅತಿ ಹೆಚ್ಚು ಜನ ಎಡವಿದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. 2017ರ ಹೈ ಸಿಯೆರಾವರೆಗೆ ಎನ್‌ವಿಡಿಯಾ ತನ್ನ ಕಾರ್ಡುಗಳಿಗೆ ಪ್ರತ್ಯೇಕ ಡ್ರೈವರ್ ಕೊಡುತ್ತಿತ್ತು. 2018ರ ಮೊಹಾವಿಗೆ ಅದು ಬರಲೇ ಇಲ್ಲ. ಜಿಟಿಎಕ್ಸ್ 1080ರಂಥ ದುಬಾರಿ ಕಾರ್ಡು ಹಾಕಿಕೊಂಡಿದ್ದವರು ಹಳೆಯ ಆವೃತ್ತಿಯಲ್ಲೇ ಉಳಿಯಬೇಕಾಯಿತು, ಇಲ್ಲವೇ ಕಾರ್ಡನ್ನು ಮಾರಬೇಕಾಯಿತು. ಹಿಂದಿನ ಕೆಪ್ಲರ್ ತಲೆಮಾರಿನ ಕಾರ್ಡುಗಳು ಆ್ಯಪಲ್‌ನ ಡ್ರೈವರ್ ಆಶ್ರಯದಲ್ಲಿ ಇನ್ನಷ್ಟು ಕಾಲ ಉಸಿರಾಡಿದವು. 2021ರ ಮಾಂಟೆರೆಯಲ್ಲಿ ಅದನ್ನೂ ತೆಗೆದುಹಾಕಲಾಯಿತು. ಆರ್‌ಟಿಎಕ್ಸ್ ಎಂಬ ಹೆಸರಿನ ಒಂದು ಕಾರ್ಡಿಗೂ ಮ್ಯಾಕ್‌ಓಎಸ್‌ನಲ್ಲಿ ಡ್ರೈವರ್ ಇಲ್ಲ.

ಉಳಿದದ್ದು ಎಎಂಡಿ. ಅದರಲ್ಲಿ ರೇಡಿಯಾನ್ ಆರ್‌ಎಕ್ಸ್ 580 ಮನೆಮಾತಾಗಲು ಕಾರಣ ಆ್ಯಪಲ್ಲೇ: 2017ರಲ್ಲಿ ಹೊರಗಿನ ಗ್ರಾಫಿಕ್ಸ್ ಪೆಟ್ಟಿಗೆಯನ್ನು ಪರೀಕ್ಷಿಸಲೆಂದು ತಂತ್ರಾಂಶಗಾರರಿಗೆ ಮಾರಿದ ಕಿಟ್‌ನೊಳಗೆ ಅದೇ ಕಾರ್ಡು ಇತ್ತು. ಆಮೇಲಿನ ಆರ್‌ಎಕ್ಸ್ 5500, 5700 ಸಲೀಸಾಗಿ ನಡೆದವು. 2021ರ ಮೇ ತಿಂಗಳಿನ 11.4 ಆವೃತ್ತಿಯಲ್ಲಿ 6800 ಮತ್ತು 6900 ಎಕ್ಸ್‌ಟಿಗೂ ನಂತರ 6600 ಎಕ್ಸ್‌ಟಿಗೂ ಬೆಂಬಲ ಬಂತು. ನಡುವಿನ 6700 ಎಕ್ಸ್‌ಟಿಗೆ ಮಾತ್ರ ಬರಲಿಲ್ಲ. ಆ ಚಿಪ್ಪನ್ನು ಯಾವ ಮ್ಯಾಕ್‌ನಲ್ಲೂ ಬಳಸಿರಲಿಲ್ಲ. ಮೇಲಿನದೂ ಕೆಳಗಿನದೂ ನಡೆಯುವಾಗ ಮಧ್ಯದ್ದು ನಡೆದೀತೆಂಬ ತರ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 7000 ಸರಣಿಗೆ ಬೆಂಬಲವೇ ಇಲ್ಲ. ಪ್ರತ್ಯೇಕ ಕಾರ್ಡು ಬೇಡದವರಿಗೆ ಎಂಟರಿಂದ ಹತ್ತನೇ ತಲೆಮಾರಿನ ಪ್ರೊಸೆಸರ್‌ಗಳ ಒಳಗೇ ಇರುವ ಯುಎಚ್‌ಡಿ 630 ಸಾಕು. ಹನ್ನೊಂದನೆಯದರ ಒಳಗಿರುವುದು ಚಿತ್ರ ಮೂಡಿಸದು.

ಮದರ್‌ಬೋರ್ಡ್‌ಗಳಲ್ಲಿ ಗಿಗಾಬೈಟ್‌ಗೆ ಬಹುಕಾಲ ಒಳ್ಳೆಯ ಹೆಸರಿತ್ತು. ಏಸಸ್, ಏಸ್‌ರಾಕ್ ಬೋರ್ಡುಗಳನ್ನೂ ಧಾರಾಳವಾಗಿ ಬಳಸಿದ್ದಾರೆ. ಬೋರ್ಡಿನ ಮೇಲೆ ಕೂತಿರುವ ಸಣ್ಣ ಚಿಪ್ಪುಗಳೇ ಇಲ್ಲಿ ಮುಖ್ಯ. ಇಂಟೆಲ್ ಐ219-ವಿ ಅಥವಾ ರಿಯಲ್‌ಟೆಕ್ 8111 ಇದ್ದರೆ ತಂತಿಯ ನೆಟ್‌ವರ್ಕ್‌ಗೆ ಚಿಂತೆಯಿಲ್ಲ. ವೈಫೈಗೆ ನಿಜ ಮ್ಯಾಕ್‌ಗಳಲ್ಲಿದ್ದ ಬ್ರಾಡ್‌ಕಾಮ್ 94360 ಕಾರ್ಡನ್ನು ಪಿಸಿಐಇ ಹಲಗೆಗೆ ಕೂರಿಸಿ ಮಾರುವ ಚೀನಾ ಕಂಪನಿಗಳು ಹುಟ್ಟಿಕೊಂಡವು. 2023ರ ಸೊನೋಮದಲ್ಲಿ ಆ ಕಾರ್ಡುಗಳ ಡ್ರೈವರ್ ಹೋಯಿತು. ಎಸ್‌ಎಸ್‌ಡಿ ಯಾವುದಾದರೂ ಆದೀತು ಎಂದುಕೊಂಡವರಿಗೆ ಸ್ಯಾಮ್‌ಸಂಗ್‌ನ ಪಿಎಂ981 ಬುದ್ಧಿ ಕಲಿಸಿತು: ವಿಂಡೋಸ್‌ನಲ್ಲಿ ಚೆನ್ನಾಗಿಯೇ ನಡೆಯುವ ಅದು ಮ್ಯಾಕ್‌ಓಎಸ್‌ನ ಕರ್ನಲ್ ಅನ್ನು ಕುಸಿದು ಬೀಳಿಸುತ್ತದೆ. ರ‍್ಯಾಮ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಯಾವುದಾದರೂ ನಡೆಯುತ್ತದೆ.

ಸ್ಥಾಪನೆಯ ಕ್ರಮ

ಯಂತ್ರ ಜೋಡಿಸಿದ ಬಳಿಕ ಮೊದಲ ಕೆಲಸ ಬೋರ್ಡಿನ ಫರ್ಮ್‌ವೇರ್ ಆದ ಯುಇಎಫ್‌ಐನ ಸೆಟಪ್‌ನಲ್ಲಿ. ಸೆಕ್ಯೂರ್ ಬೂಟ್, ಸಿಎಸ್‌ಎಂ, ಸಿಎಫ್‌ಜಿ ಲಾಕ್‌ಗಳನ್ನು ನಿಲ್ಲಿಸಿ ಎಎಚ್‌ಸಿಐ, ಎಬವ್ 4ಜಿ ಡಿಕೋಡಿಂಗ್‌ಗಳನ್ನು ತೆರೆಯಬೇಕು. ಸಿಎಫ್‌ಜಿ ಲಾಕ್ ತೆರೆಯದಿದ್ದರೆ ಪ್ರೊಸೆಸರಿನ ವಿದ್ಯುತ್ ನಿರ್ವಹಣೆಯ ರಿಜಿಸ್ಟರಿಗೆ ಮ್ಯಾಕ್‌ಓಎಸ್ ಬರೆಯಲಾಗದೆ ಆರಂಭದಲ್ಲೇ ಕುಸಿಯುತ್ತದೆ. ಅದನ್ನು ತೆರೆಯುವ ಆಯ್ಕೆಯೇ ಇಲ್ಲದ ಬೋರ್ಡುಗಳಿಗೆ ಓಪನ್‌ಕೋರ್‌ನಲ್ಲಿ ಬೇರೆ ಉಪಾಯವಿದೆ.

ಮ್ಯಾಕ್‌ಓಎಸ್ ಅನ್ನು ಆ್ಯಪಲ್‌ನ ಸರ್ವರಿನಿಂದಲೇ ಇಳಿಸಿಕೊಂಡು 16 ಜಿಬಿಯ ಪೆನ್ ಡ್ರೈವ್‌ಗೆ ಹಾಕುತ್ತಾರೆ. ಅದೇ ಪೆನ್ ಡ್ರೈವ್‌ನ ಇಎಫ್‌ಐ ವಿಭಾಗದಲ್ಲಿ ಓಪನ್‌ಕೋರ್ ಇರುತ್ತದೆ. ಅದರ ಜತೆಗೆ ಕೆಕ್ಸ್ಟ್ ಎಂಬ ಕರ್ನಲ್ ವಿಸ್ತರಣೆಗಳು: ಎಸ್‌ಎಂಸಿ ನಟನೆಗೆ ವರ್ಚುವಲ್‌ಎಸ್‌ಎಂಸಿ, ತೇಪೆ ಹಾಕುವ ತಳಹದಿಗೆ ಲೀಲು, ಗ್ರಾಫಿಕ್ಸ್‌ಗೆ ವಾಟೆವರ್‌ಗ್ರೀನ್, ಧ್ವನಿಗೆ ಆ್ಯಪಲ್‌ಎಎಲ್‌ಸಿ, ಇಂಟೆಲ್ ಎತರ್ನೆಟ್‌ಗೆ ಇಂಟೆಲ್‌ಮೌಸಿ. ಈ ಕೆಲಸದಲ್ಲಿ ತೊಡಗಿದವರು ದಿನವಿಡೀ ಆಡುವ ಹೆಸರುಗಳಿವು.

ಇನ್ನೊಂದು ಕಷ್ಟದ ಅಂಗ ಎಸಿಪಿಐ. ಯಂತ್ರದಲ್ಲಿ ಏನೇನಿದೆ ಎಂದು ಕಾರ್ಯಾಚರಣ ವ್ಯವಸ್ಥೆಗೆ ತಿಳಿಸುವ ಈ ಕೋಷ್ಟಕಗಳನ್ನು ಬೋರ್ಡ್ ತಯಾರಕರು ವಿಂಡೋಸ್ ಅನ್ನು ಮನಸ್ಸಿನಲ್ಲಿಟ್ಟು ಬರೆದಿರುತ್ತಾರೆ. ಉದಾಹರಣೆಗೆ 300 ಸರಣಿಯ ಹಲವು ಬೋರ್ಡುಗಳು ಎಡಬ್ಲ್ಯುಎಸಿ ಎಂಬ ಹೊಸ ಗಡಿಯಾರವನ್ನು ತೋರಿಸುತ್ತವೆ. ಮ್ಯಾಕ್‌ಓಎಸ್‌ಗೆ ಹಳೆಯ ಆರ್‌ಟಿಸಿಯೇ ಬೇಕು. ಬೋರ್ಡಿನಲ್ಲಿ ಹಳೆಯದು ಇರುತ್ತದೆ, ಕೋಷ್ಟಕದಲ್ಲಿ ಅದನ್ನು ಮುಚ್ಚಿರುತ್ತಾರೆ, ಅಷ್ಟೆ. ಎಸ್‌ಎಸ್‌ಡಿಟಿ ಎಂಬ ನಾಲ್ಕಾರು ಸಾಲಿನ ಪೂರಕ ಕೋಷ್ಟಕ ಬರೆದು ಅದನ್ನು ತೆರೆದರೆ ಯಂತ್ರ ಏಳುತ್ತದೆ.

ಆಮೇಲೆ ಯಂತ್ರಕ್ಕೆ ಒಂದು ಗುರುತು ಕೊಡಬೇಕು. ಎಸ್‌ಎಂಬಯಾಸ್ ಮೂಲಕ ಅದು ತನ್ನನ್ನು ಐಮ್ಯಾಕ್19,1 ಎಂದೋ ಐಮ್ಯಾಕ್20,1 ಎಂದೋ ಮ್ಯಾಕ್‌ಪ್ರೊ7,1 ಎಂದೋ ಪರಿಚಯಿಸಿಕೊಳ್ಳುತ್ತದೆ. ಸೀರಿಯಲ್ ನಂಬರನ್ನೂ ಸೃಷ್ಟಿಸಬೇಕು. ಅದು ಆ್ಯಪಲ್‌ನ ರೂಪದಲ್ಲೇ ಇರಬೇಕು, ಆದರೆ ಜಗತ್ತಿನ ಯಾವ ನಿಜ ಮ್ಯಾಕ್‌ನದೂ ಆಗಿರಬಾರದು. ಬೇರೆಯವರು ಹಂಚಿದ ಇಎಫ್‌ಐ ಫೋಲ್ಡರನ್ನು ಹಾಗೇ ನಕಲು ಮಾಡಿದವರ ಯಂತ್ರಗಳೆಲ್ಲ ಒಂದೇ ನಂಬರಿನಲ್ಲಿ ಆ್ಯಪಲ್‌ನ ಬಾಗಿಲು ತಟ್ಟುತ್ತವೆ. ಐಮೆಸೇಜ್, ಫೇಸ್‌ಟೈಮ್ ಕೆಲಸ ಮಾಡದಿರಲು ಸಾಮಾನ್ಯ ಕಾರಣ ಇದೇ. ಸಿದ್ಧ ಫೋಲ್ಡರ್ ಬಳಸಬಾರದು ಎಂದು ಅನುಭವಿಗಳು ತಲೆಚಚ್ಚಿಕೊಳ್ಳುತ್ತಿದ್ದರೂ ಹೊಸಬರು ಅದನ್ನೇ ಬಳಸಿದರು.

ಸ್ಥಾಪನೆ ಮುಗಿದರೂ ಎರಡು ಕೆಲಸ ಉಳಿಯುತ್ತವೆ. 2015ರ ಎಲ್ ಕ್ಯಾಪಿಟನ್‌ನಿಂದ ಮ್ಯಾಕ್‌ಓಎಸ್ ಒಂದು ಯುಎಸ್‌ಬಿ ನಿಯಂತ್ರಕಕ್ಕೆ 15 ಪೋರ್ಟುಗಳ ಮಿತಿ ಹಾಕಿದೆ. ಯುಎಸ್‌ಬಿ 3ರ ಒಂದು ಕಿಂಡಿ ಎರಡು ಪೋರ್ಟುಗಳ ಲೆಕ್ಕ. ಹೀಗಾಗಿ ಪೆನ್ ಡ್ರೈವೊಂದನ್ನು ಹಿಡಿದು ಒಂದೊಂದೇ ಕಿಂಡಿಗೆ ಚುಚ್ಚಿ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ನಕ್ಷೆ ಮಾಡಬೇಕು. ಇದನ್ನು ಮಾಡದಿದ್ದರೆ ಎರಡನೆಯದು, ಅಂದರೆ ನಿದ್ರೆ, ಸರಿಯಾಗುವುದಿಲ್ಲ. ನಿದ್ರೆಗೆ ಕಳಿಸಿದ ಯಂತ್ರ ಒಡನೆ ಎಚ್ಚರಗೊಳ್ಳುವುದು ಅಥವಾ ಎಚ್ಚರಗೊಳ್ಳದೇ ಇರುವುದು ಹ್ಯಾಕಿಂಟೋಷ್‌ನ ಹಳೆಯ ಕಾಯಿಲೆ. ಬಹಳ ಸಲ ಅದರ ಬೇರು ಯುಎಸ್‌ಬಿ ನಕ್ಷೆಯಲ್ಲಿರುತ್ತದೆ.

ಕಟ್ಟಿದವರು ಯಾರು, ಏಕೆ

ಹಣ ಉಳಿಸುವುದು ಒಂದು ಕಾರಣ, ಆದರೆ ಅದೊಂದೇ ಅಲ್ಲ. ಐಫೋನಿಗೆ ಆ್ಯಪ್ ಕಟ್ಟಲು ಬೇಕಾದ ಎಕ್ಸ್‌ಕೋಡ್ ಮ್ಯಾಕ್‌ಓಎಸ್‌ನಲ್ಲಿ ಮಾತ್ರ ನಡೆಯುತ್ತದೆ. ಮ್ಯಾಕ್ ಕೊಳ್ಳುವ ಶಕ್ತಿಯಿಲ್ಲದ ವಿದ್ಯಾರ್ಥಿಗೆ ಮನೆಯಲ್ಲಿದ್ದ ಅಸೆಂಬಲ್ಡ್ ಪಿಸಿಯೇ ಅದಕ್ಕೆ ದಾರಿಯಾಯಿತು. ಲಾಜಿಕ್, ಫೈನಲ್ ಕಟ್ ಬಳಸುವ ಸಂಗೀತಗಾರರದೂ ಚಿತ್ರ ಸಂಕಲನಕಾರರದೂ ಬೇರೆ ಸಂಕಟ. 2013ರ ಡಿಸೆಂಬರಿನಲ್ಲಿ ಬಂದ ಕೊಳವೆಯಾಕಾರದ ಮ್ಯಾಕ್ ಪ್ರೊದಲ್ಲಿ ಕಾರ್ಡು ಸೇರಿಸಲು ಜಾಗವಿರಲಿಲ್ಲ, ವರ್ಷಗಟ್ಟಲೆ ಅದಕ್ಕೆ ಹೊಸ ಭಾಗಗಳೂ ಬರಲಿಲ್ಲ. ಆ ವಿನ್ಯಾಸದಿಂದ ತಾನು ಇಕ್ಕಟ್ಟಿಗೆ ಸಿಲುಕಿದ್ದಾಗಿ 2017ರ ಏಪ್ರಿಲ್‌ನಲ್ಲಿ ಆ್ಯಪಲ್ ಪತ್ರಕರ್ತರ ಮುಂದೆ ಒಪ್ಪಿಕೊಂಡಿತು. ಬದಲಿ ಯಂತ್ರ ಬಂದದ್ದು 2019ರ ಡಿಸೆಂಬರಿನಲ್ಲಿ, 5,999 ಡಾಲರಿನ ಆರಂಭಿಕ ಬೆಲೆಗೆ. ಈ ಆರು ವರ್ಷಗಳಲ್ಲಿ ಗಂಭೀರ ವೃತ್ತಿಪರರೂ ಹ್ಯಾಕಿಂಟೋಷ್ ಕಟ್ಟಿದ್ದಕ್ಕೆ ಆ್ಯಪಲ್‌ನ ಉದಾಸೀನವೇ ಹೊಣೆ ಎಂದರೆ ತಪ್ಪಾಗದು.

ಚಿಕ್ಕ ಯಂತ್ರಗಳ ಕಾಲವೂ ಒಂದಿತ್ತು. 2008-09ರಲ್ಲಿ ಡೆಲ್ ಮಿನಿ 9 ಎಂಬ ಪುಟ್ಟ ನೆಟ್‌ಬುಕ್‌ನಲ್ಲಿ ಮ್ಯಾಕ್ ಓಎಸ್ ಎಕ್ಸ್ ಸೊಗಸಾಗಿ ನಡೆಯುತ್ತಿತ್ತು. ಆ್ಯಪಲ್ ಬಳಿ ಅಂಥ ಅಗ್ಗದ ಚಿಕ್ಕ ಯಂತ್ರವೇ ಇರಲಿಲ್ಲ. 2009ರ ನವೆಂಬರಿನ 10.6.2 ಆವೃತ್ತಿಯಲ್ಲಿ ಆ ನೆಟ್‌ಬುಕ್‌ನೊಳಗಿದ್ದ ಆ್ಯಟಂ ಪ್ರೊಸೆಸರಿನ ಬೆಂಬಲ ಕಣ್ಮರೆಯಾಯಿತು.

ಕಾನೂನು

ಮ್ಯಾಕ್‌ಓಎಸ್‌ನ ಪರವಾನಗಿ ಒಪ್ಪಂದ ಅದನ್ನು ಆ್ಯಪಲ್ ಹೆಸರಿನ ಯಂತ್ರದಲ್ಲಿ ಮಾತ್ರ ಸ್ಥಾಪಿಸಲು ಅನುಮತಿ ಕೊಡುತ್ತದೆ. 2013ರ ಮ್ಯಾವರಿಕ್ಸ್‌ನಿಂದ ಮ್ಯಾಕ್‌ಓಎಸ್ ಉಚಿತವಾದರೂ ಈ ಷರತ್ತು ಸಡಿಲವಾಗಿಲ್ಲ. ಆದ್ದರಿಂದ ಹ್ಯಾಕಿಂಟೋಷ್ ಒಪ್ಪಂದದ ಉಲ್ಲಂಘನೆ ಎಂಬುದರಲ್ಲಿ ಅನುಮಾನವಿಲ್ಲ.

ನ್ಯಾಯಾಲಯದಲ್ಲಿ ಇದು ತೀರ್ಮಾನಕ್ಕೆ ಬಂದದ್ದು ಅಮೆರಿಕದ ಫ್ಲಾರಿಡಾದ ಸೈಸ್ಟಾರ್ ಕಂಪನಿಯ ಮೊಕದ್ದಮೆಯಲ್ಲಿ. 2008ರ ಏಪ್ರಿಲ್‌ನಲ್ಲಿ ಸೈಸ್ಟಾರ್ 399 ಡಾಲರಿನಿಂದ ಶುರುವಾಗುವ ಮ್ಯಾಕ್ ತದ್ರೂಪಿಯನ್ನು ಮಾರಾಟಕ್ಕಿಟ್ಟಿತು. ಮೊದಲ ಹೆಸರು ಓಪನ್‌ಮ್ಯಾಕ್. ಬೇಗನೆ ಅದು ಓಪನ್ ಕಂಪ್ಯೂಟರ್ ಎಂದಾಯಿತು. ಜುಲೈಯಲ್ಲಿ ಆ್ಯಪಲ್ ದಾವೆ ಹೂಡಿತು. ಪ್ರತಿ ಯಂತ್ರಕ್ಕೂ ಒಂದು ಅಸಲಿ ಪ್ರತಿ ಕೊಂಡಿದ್ದೇವೆ, ಕೊಂಡದ್ದನ್ನು ಮರುಮಾರುವುದು ನಮ್ಮ ಹಕ್ಕು ಎಂದು ಸೈಸ್ಟಾರ್ ವಾದಿಸಿತು. ನ್ಯಾಯಾಧೀಶ ವಿಲಿಯಂ ಆಲ್ಸಪ್ 2009ರ ನವೆಂಬರ್ 13ರಂದು ಆ್ಯಪಲ್ ಪರ ತೀರ್ಪು ಕೊಟ್ಟರು. ಮಾಸ್ಟರ್ ಪ್ರತಿಯೊಂದನ್ನು ತಿದ್ದಿ ಹಲವು ಯಂತ್ರಗಳಿಗೆ ನಕಲಿಸಿದ್ದು ಕೃತಿಸ್ವಾಮ್ಯದ ಉಲ್ಲಂಘನೆ, ತಾಂತ್ರಿಕ ಬೀಗವನ್ನು ತಪ್ಪಿಸಿದ್ದು ಪ್ರತ್ಯೇಕ ಉಲ್ಲಂಘನೆ. ಡಿಸೆಂಬರಿನಲ್ಲಿ ಶಾಶ್ವತ ತಡೆಯಾಜ್ಞೆ ಬಂತು. 2011ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮಾರಾಟಗಾರನನ್ನು ಹೀಗೆ ಕೊನೆಯವರೆಗೆ ಅಟ್ಟಿದ ಆ್ಯಪಲ್, ತಮ್ಮ ಪಾಡಿಗೆ ಕಟ್ಟಿಕೊಳ್ಳುವ ಹವ್ಯಾಸಿಗಳನ್ನು ಹಾಗೆ ಬೆನ್ನಟ್ಟಲಿಲ್ಲ.

ಭಾರತದಲ್ಲಿ 1957ರ ಕೃತಿಸ್ವಾಮ್ಯ ಅಧಿನಿಯಮದ 52ನೇ ಪ್ರಕರಣ ತಂತ್ರಾಂಶಗಳ ಪರಸ್ಪರ ಹೊಂದಾಣಿಕೆಗಾಗಿ ಕೆಲವು ರಿಯಾಯಿತಿಗಳನ್ನು ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಪ್ರಕರಣ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವುದನ್ನು ಶಿಕ್ಷಾರ್ಹಗೊಳಿಸುತ್ತದೆ. ಮನೆಯಲ್ಲಿ ಕಲಿಕೆಗೆ ಕಟ್ಟುವುದು ಬೇರೆ, ಕಚೇರಿಯ ಹತ್ತು ಮೇಜುಗಳ ಮೇಲೆ ಇಡುವುದು ಬೇರೆ. ಎರಡನೆಯದನ್ನು ಯಾವ ಸಂಸ್ಥೆಯೂ ಮಾಡಕೂಡದು.

ಕೊನೆಯ ಘಟ್ಟ

2020ರ ಜೂನ್ 22ರಂದು ಆ್ಯಪಲ್ ತನ್ನದೇ ವಿನ್ಯಾಸದ ಆರ್ಮ್ ವರ್ಗದ ಚಿಪ್ಪುಗಳಿಗೆ ಹೋಗುವುದಾಗಿ ಸಾರಿತು. ನವೆಂಬರಿನಲ್ಲಿ ಎಂ1 ಬಂತು. ಇಂಟೆಲ್ ಇದ್ದ ಕೊನೆಯ ಮ್ಯಾಕ್ ಪ್ರೊದ ಮಾರಾಟ 2023ರ ಜೂನ್‌ನಲ್ಲಿ ನಿಂತಿತು. ಎಂ ಸರಣಿಯ ಚಿಪ್ಪು ಆ್ಯಪಲ್ ಬಿಟ್ಟರೆ ಯಾರಿಗೂ ಸಿಗುವುದಿಲ್ಲ. ಅದರೊಳಗಿನ ಗ್ರಾಫಿಕ್ಸ್, ಮೆಮೊರಿ ನಿಯಂತ್ರಕ, ಭದ್ರತಾ ಘಟಕ ಎಲ್ಲವೂ ಆ್ಯಪಲ್‌ನವೇ. ಪೇಟೆಯಲ್ಲಿ ಅವುಗಳ ಬಂಧುಗಳೇ ಇಲ್ಲದಿರುವಾಗ ಹುಡುಕಿ ತರುವುದೇನನ್ನು? ಆರ್ಮ್ ಪ್ರೊಸೆಸರ್ ಇರುವ ಬೇರೆ ಯಾವುದೋ ಬೋರ್ಡ್ ತಂದರೆ ಆಗುವ ಕೆಲಸವಲ್ಲ ಇದು.

ಇಂಟೆಲ್ ಯಂತ್ರಗಳಿಗಾಗಿ ಕಲಿತ ವಿದ್ಯೆ ಮಾತ್ರ ವ್ಯರ್ಥವಾಗಲಿಲ್ಲ. ಆ್ಯಪಲ್ ಬೆಂಬಲ ನಿಲ್ಲಿಸಿದ ಹಳೆಯ ನಿಜ ಮ್ಯಾಕ್‌ಗಳಲ್ಲಿ ಹೊಸ ಮ್ಯಾಕ್‌ಓಎಸ್ ನಡೆಸುವ ಓಪನ್‌ಕೋರ್ ಲೆಗಸಿ ಪ್ಯಾಚರ್ ಇದರದೇ ಕವಲು. ಕಸಕ್ಕೆ ಹೋಗಬಹುದಾಗಿದ್ದ ಯಂತ್ರಗಳನ್ನು ಅದು ಉಳಿಸಿದೆ. ಹ್ಯಾಕಿಂಟೋಷ್ ಪರಂಪರೆಯ ಅತ್ಯಂತ ಉಪಯುಕ್ತ ಕೊಡುಗೆ ಇದೇ ಇರಬಹುದು. ಇನ್ನೊಂದು ಕಡೆ, ಎಂ ಸರಣಿಯ ಮ್ಯಾಕ್‌ಗಳಲ್ಲಿ ಲಿನಕ್ಸ್ ನಡೆಸುವ ಅಸಾಹಿ ಯೋಜನೆ ಆ್ಯಪಲ್‌ನ ಚಿಪ್ಪನ್ನೇ ಬಿಡಿಸಿ ಅಧ್ಯಯನ ಮಾಡುತ್ತಿದೆ.

2025ರ ಜೂನ್‌ನಲ್ಲಿ ಆ್ಯಪಲ್ ಮ್ಯಾಕ್‌ಓಎಸ್ 26 ತಾಹೋ ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿ ಎಂದು ಘೋಷಿಸಿತು. ಸೆಪ್ಟೆಂಬರಿನಲ್ಲಿ ಅದು ಬಿಡುಗಡೆಯಾಯಿತು. ಅದಕ್ಕೆ ಬೆಂಬಲವಿರುವ ಇಂಟೆಲ್ ಮಾದರಿಗಳು ನಾಲ್ಕೇ: 2019ರ ಮ್ಯಾಕ್ ಪ್ರೊ, 2020ರ 27 ಅಂಗುಲದ ಐಮ್ಯಾಕ್, ಎರಡು ಮ್ಯಾಕ್‌ಬುಕ್ ಪ್ರೊಗಳು. ಮನೆಯಲ್ಲಿ ಎಂಟರಿಂದ ಹತ್ತನೇ ತಲೆಮಾರಿನ ಇಂಟೆಲ್ ಯಂತ್ರವೂ ಹೊಂದುವ ಎಎಂಡಿ ಕಾರ್ಡೂ ಈಗಾಗಲೇ ಇದ್ದವರು ಫರ್ಮ್‌ವೇರ್ ಕಲಿಯುವ ಆಸೆಗೆ ಇದನ್ನು ಮಾಡಿ ನೋಡಬಹುದು. ಮ್ಯಾಕ್‌ಓಎಸ್ ಬೇಕೆಂಬ ಒಂದೇ ಕಾರಣಕ್ಕೆ ಹೊಸ ಭಾಗಗಳಿಗೆ ಹಣ ಹಾಕುವವರಿಗೆ ಸೆಕೆಂಡ್ ಹ್ಯಾಂಡ್ ಎಂ1 ಮ್ಯಾಕ್ ಮಿನಿಯೇ ಲೇಸು.